ಒಂದು ತೊಟ್ಟೂ ಸೋರದ ಇಂಗುಬಾವಿ

ಚಾಮರಾಜಪೇಟೆಯ ನಮ್ಮ ಹಳೇ ಹೆಂಚಿನ ಮನೆಯನ್ನು ಕೆಡವಿ ಹೊಸದು ಕಟ್ಟಿಸಲು ಹೊರಟಾಗ ನನಗೆ ಮೊದಲು ಸಿಟ್ಟು ಬಂದದ್ದು ಒಂದು ಸಾಲಿನ ಮೇಲೆ. ಮಂಜೂರಾದ ನಕ್ಷೆಯ ಜೊತೆ ಷರತ್ತುಗಳ ಪಟ್ಟಿಯೊಂದು ಬಂದಿತ್ತು. ನಿವೇಶನದ ಮೇಲೆ ಬಿದ್ದ ಮಳೆನೀರನ್ನು ನಿವೇಶನದಲ್ಲೇ ಇಂಗಿಸಬೇಕು. ಪಾಯ ತೋಡಿದ ಮಣ್ಣಿಗೆ ಹೊದಿಕೆ ಹಾಕಬೇಕು, ಅದು ರಸ್ತೆಗೂ ಮೋರಿಗೂ ಹರಿಯದಂತೆ ತಡೆ ಕಟ್ಟಬೇಕು. ಇಷ್ಟೂ ಆಗಿದೆ ಎಂದು ಕಚೇರಿಯವರು ಬಂದು ನೋಡಿ ಬರೆದುಕೊಟ್ಟರೆ ಮಾತ್ರ ನೀರಿನ ಕನೆಕ್ಷನ್.

ನಮ್ಮ ಯಜಮಾನರದು ತರಕಾರಿ ಸಗಟು ವ್ಯಾಪಾರ. ಬೆಳಗಾಗುವ ಮೊದಲೇ ಮಾರ್ಕೆಟ್ಟಿಗೆ ಹೋದವರು ಮಧ್ಯಾಹ್ನ ಬಂದು ಉಂಡು ಮಲಗಿಬಿಡುತ್ತಾರೆ. ಹಾಗಾಗಿ ಮನೆ ಕಟ್ಟಿಸುವ ಉಸಾಬರಿ ಪೂರ್ತಿ ನನ್ನ ತಲೆಗೆ ಬಂತು. ನನ್ನ ಬಾಯಿ ಜೋರು ಎಂದು ಇಡೀ ಬೀದಿಗೆ ಗೊತ್ತು. ಆ ಪಟ್ಟಿ ಹಿಡಿದುಕೊಂಡು ಸೀದಾ ಕಚೇರಿಗೆ ಹೋದೆ. ಅಲ್ಲಿದ್ದ ಇಂಜಿನಿಯರಮ್ಮ ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವರಿದ್ದಾರು ಅಷ್ಟೆ.

"ಅಲ್ಲ ಮೇಡಂ, ಮಳೆ ಏನು ನಮ್ಮನೆ ಸೊಸೆನಾ, ಹೊಸ್ತಿಲು ದಾಟ್ಬೇಡ ಅಂತ ಕೂರ್ಸೋಕೆ?" ಎಂದೆ.

ಅವರು ನಗಲೂ ಇಲ್ಲ, ಸಿಡುಕಲೂ ಇಲ್ಲ. "ನಿಮ್ಮ ಬೀದಿ ಯಾವ ಕಡೆಗೆ ಇಳಿಜಾರು ಮೇಡಂ? ಇಳಿಜಾರಲ್ಲಿ ನಿಮ್ಮ ಕೆಳಗೆ ಯಾರಿದಾರೆ? ಒಂದ್ಸಲ ಅವರ ಮನೆಗೆ ಹೋಗ್ಬನ್ನಿ" ಎಂದು ಹೇಳಿ ಬೇರೆ ಫೈಲು ತೆಗೆದರು.

ಕೆಳಗಿನ ಮನೆಗೆ ನಾನು ವಾರಕ್ಕೆರಡು ಸಲ ಹೋಗಿಬರುವವಳೇ. ಅಲ್ಲಿರುವಾಕೆ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಒಬ್ಬಳೇ ಕೂತು ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಸುತ್ತಲಿನ ಅಂಗಡಿಗಳಿಗೆ ಹಾಕುತ್ತಾಳೆ. ನಗರ್ತಪೇಟೆಯಿಂದಲೂ ಸೈಕಲ್ಲಿನಲ್ಲಿ ಬಂದು ಕೊಂಡುಹೋಗುವವರಿದ್ದಾರೆ. ನಾನು ಮದುವೆಯಾಗಿ ಬಂದಾಗ ಆ ಮನೆಗೆ ರಸ್ತೆಯಿಂದ ಎರಡು ಮೆಟ್ಟಿಲು ಹತ್ತಬೇಕಿತ್ತು. ಟಾರಿನ ಮೇಲೆ ಟಾರು ಹಾಕುತ್ತಾ ರಸ್ತೆಯೇ ಮೇಲೆ ಬಂದು, ಈಗ ಮೂರು ಮೆಟ್ಟಿಲು ಇಳಿಯಬೇಕು. ಮಳೆ ಬಂದರೆ ಅವಳು ಬಾಗಿಲಿಗೆ ಹಲಗೆ ಇಟ್ಟು, ಸಂದಿಗೆ ಹಳೇ ಸೀರೆ ತುರುಕುತ್ತಿದ್ದಳು. ಇದನ್ನೆಲ್ಲ ನಾನು ನೋಡಿದ್ದೆ. ನೋಡಿಯೂ, ಆ ನೀರಿಗೂ ನನಗೂ ಸಂಬಂಧವಿದೆ ಎಂದು ಒಂದು ದಿನವೂ ಅಂದುಕೊಂಡಿರಲಿಲ್ಲ.

ಹೋದ ವರ್ಷ ಯುಗಾದಿ ಮುಗಿದ ಮೇಲೆ ಪಾಯದ ಕೆಲಸ ಶುರುವಾಯಿತು. ಕಾರು ನಿಲ್ಲಿಸಲು ನೆಲಮಾಳಿಗೆ ಬೇಕೆಂದು ಆಳವಾಗಿ ತೋಡಿಸಿ, ಮಣ್ಣನ್ನೆಲ್ಲ ಮುಂದೆ ರಸ್ತೆಯಂಚಿಗೆ ಗುಡ್ಡೆ ಹಾಕಿಸಿದೆ. ಹೊದಿಕೆಯೂ ಇಲ್ಲ, ತಡೆಯೂ ಇಲ್ಲ. ಎರಡು ದಿನದಲ್ಲಿ ಲಾರಿ ಬಂದು ಒಯ್ಯುತ್ತದೆ, ಅಷ್ಟಕ್ಕೆ ಟಾರ್ಪಾಲು ಯಾಕೆ ದಂಡ ಎಂದುಕೊಂಡೆ. ಮಾರನೇ ದಿನ ಸಂಜೆಯೇ ಮಳೆ ಹೊಯ್ದಿತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ನನ್ನ ಗುಡ್ಡೆಯ ಕಾಲುಭಾಗ ಅವಳ ನಡುಮನೆಯಲ್ಲಿತ್ತು. ಕೆಂಪು ರಾಡಿ. ಉದ್ದಿನ ಹಿಟ್ಟಿನ ಮೂಟೆಗಳು ಬುಡದಿಂದ ನೆಂದು ಕೂತಿದ್ದವು. ಅವಳು ಸೀರೆ ಎತ್ತಿಕಟ್ಟಿ, ಮೊರದಲ್ಲಿ ಮಣ್ಣು ಬಾಚಿ ಬಕೆಟ್ಟಿಗೆ ಹಾಕುತ್ತಿದ್ದಳು.

ಅವಳೇ ತಲೆ ಎತ್ತಿ, "ಮಣ್ಣು ನಿಮ್ದೇ ಅಕ್ಕ. ತೊಗೊಂಡ್ಹೋಗಿ, ನಂಗ್ಯಾಕೆ" ಎಂದು ನಕ್ಕಳು. ಬೈದಿದ್ದರೆ ನಾನೂ ಒಂದು ಮಾತಾಡಿ ಹಗುರಾಗುತ್ತಿದ್ದೆ. ಆ ನಗು ನನ್ನನ್ನು ನೆಲಕ್ಕಿಳಿಸಿತು. ಅವಳ ಜೊತೆ ಕೂತು ನಾನೂ ಬಾಚಿದೆ.

ಅವತ್ತೇ ಟಾರ್ಪಾಲು ಬಂತು. ಕೆಳಗಿನ ಅಂಚಿಗೆ ಮರಳಿನ ಚೀಲ ಅಡ್ಡ ಬಿತ್ತು. ಲಾರಿಗಳು ಚಕ್ರ ತೊಳೆದುಕೊಂಡೇ ರಸ್ತೆಗಿಳಿಯಬೇಕು ಎಂದು ನಾನು ಗೇಟಿನಲ್ಲಿ ಪೈಪು ಹಿಡಿದು ನಿಂತೆ. ಡ್ರೈವರುಗಳು "ಯಾಕಮ್ಮಾ, ಲಾರಿಗೂ ಎಣ್ಣೆಸ್ನಾನನಾ?" ಎಂದು ರೇಗಿಸಿದರು, ಸಹಿಸಿಕೊಂಡೆ. ಆ ವರ್ಷದ ಮಳೆಗಾಲ ಹೇಗೋ ದಾಟಿತು. ನೀರು ಅವಳ ಹಲಗೆಯವರೆಗೆ ಬಂದು ನಿಂತಿತು, ಒಳಗೆ ಹೋಗಲಿಲ್ಲ.

ಈ ವರ್ಷ ಮನೆ ಮೇಲೆದ್ದು, ತಾರಸಿಯಾಗಿ, ಅಂಗಳಕ್ಕೆಲ್ಲ ಟೈಲ್ಸ್ ಬಿತ್ತು. ನೋಡಲು ಬಂದ ಅವಳು ಹಿತ್ತಿಲವರೆಗೆ ನಡೆದು ಹೋಗಿ ನಿಂತಳು. ಅಲ್ಲಿ ಮೊದಲು ಸೀಬೆಮರ, ಬಟ್ಟೆ ಒಗೆಯುವ ಕಲ್ಲು, ಬರೀ ಮಣ್ಣಿತ್ತು.

"ಅಕ್ಕ, ತಪ್ಪು ತಿಳ್ಕೋಬೇಡಿ. ನಿಮ್ಮ ಹಿತ್ಲು ಅರ್ಧ ಮಳೆ ಕುಡೀತಿತ್ತು. ಈಗ ಅದೂ ಮುಚ್ಚೋಯ್ತು. ಅಷ್ಟೂ ನನ್ ಕಡೆಗೇ ಬರುತ್ತೆ" ಎಂದಳು. ಆಮೇಲೆ ಮೆಲ್ಲಗೆ, "ಮತ್ತಿಕೆರೇಲಿ ನಮ್ಮಣ್ಣ ಒಂದು ರೂಮು ನೋಡಿದಾನೆ, ಮಹಡಿ ಮೇಲೆ. ಮೊದಲನೇ ಮಳೆ ನೋಡ್ತೀನಿ. ಒಳಗೆ ಬಂತೋ, ಮಾರನೇ ದಿನ ಟೆಂಪೋ ತರಿಸ್ಬಿಡ್ತೀನಿ. ಅಲ್ಲಿ ನನ್ನ ಹಪ್ಪಳ ಯಾರು ಕೇಳ್ತಾರೋ ಗೊತ್ತಿಲ್ಲ. ಆದ್ರೆ ಇನ್ನೊಂದ್ಸಲ ರಾಡಿ ಬಾಚೋ ಶಕ್ತಿ ನಂಗಿಲ್ಲ" ಎಂದಳು.

ಮಳೆನೀರನ್ನು ನಿವೇಶನದಲ್ಲೇ ಇಂಗಿಸಬೇಕೆಂಬ ಪಟ್ಟಿಯ ಆ ಸಾಲು ಆಗ ನನ್ನ ತಲೆಗೆ ಹೋಯಿತು. ಯಾರೋ ಪುಣ್ಯಾತ್ಮರು ಕಚೇರಿಯಲ್ಲಿ ಕೂತು ಅದನ್ನು ಬರೆಯುವಾಗ ನಮ್ಮ ಬೀದಿಯನ್ನು ಕಂಡಿರಲಾರರು. ಆದರೂ ನನ್ನ ಕೆಳಗಿನ ಮನೆಯವಳನ್ನು ನನಗಿಂತ ಮೊದಲು ನೆನೆದವರು ಅವರೇ. ಇದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಬಾವಿ ತೋಡುವ ಅಣ್ಣತಮ್ಮಂದಿರಿಬ್ಬರನ್ನು ಕರೆಸಿದೆ. ಇಂಗುಬಾವಿ ಎಂದರೆ ನೀರು ಸೇದುವ ಬಾವಿಯಲ್ಲ, ನೆಲಕ್ಕೆ ನೀರು ಕುಡಿಸುವ ಬಾವಿ. ತಾರಸಿಯ ಪೈಪುಗಳನ್ನು ಅದಕ್ಕೆ ತಿರುಗಿಸುತ್ತಾರೆ. ಅಂಗಳದ ಮೂಲೆಯಲ್ಲಿ ಟೈಲ್ಸ್ ಕಿತ್ತು ಗುಂಡಗೆ ಗೆರೆ ಎಳೆದು ಶುರುಮಾಡಿದರು. ಒಬ್ಬ ಒಳಗೆ ಅಗೆಯುವುದು, ಇನ್ನೊಬ್ಬ ಹಗ್ಗದಲ್ಲಿ ಬುಟ್ಟಿ ಎಳೆಯುವುದು. ಮೊದಲು ಬಂದದ್ದು ಹೆಂಚಿನ ಚೂರು, ಗಾಜಿನ ಬಳೆಯ ತುಂಡು, ಒಂದು ಗೋಲಿ. ಆಮೇಲೆ ಕೆಮ್ಮಣ್ಣು, ಮುಟ್ಟಿದರೆ ತಣ್ಣಗೆ. ಅದಕ್ಕೂ ಕೆಳಗೆ ಹಳದಿ ಬಣ್ಣದ ಹರಳು ಮಣ್ಣು. ಮೂವತ್ತು ವರ್ಷ ಈ ನೆಲದ ಮೇಲೆ ರಂಗೋಲಿ ಹಾಕಿದವಳು ನಾನು. ಕೆಳಗೆ ಏನಿದೆ ಎಂದು ಒಂದು ದಿನವೂ ಬಗ್ಗಿ ಕೇಳಿದವಳಲ್ಲ. ಉಳಿದ ಕೆಲಸ ಬಿಟ್ಟು ಅಂಚಿನಲ್ಲಿ ಕೂತುಬಿಟ್ಟೆ. ಮೂರಾಳು ಆಳಕ್ಕೆ ಹೋದ ಮೇಲೆ ಅಣ್ಣ ಒಂದು ಕೊಡ ನೀರು ಕೇಳಿ ಇಳಿಸಿಕೊಂಡು, ಕಾಲಬುಡಕ್ಕೆ ಸುರಿದ. ನಾನು ಬಗ್ಗಿ ನೋಡುವಷ್ಟರಲ್ಲಿ ನೀರಿರಲಿಲ್ಲ. ಒದ್ದೆ ಮಚ್ಚೆಯೊಂದು ಉಳಿದಿತ್ತು.

ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ಹೊರಡುವಾಗ ಅವನು ಹೇಳಿದ: "ಅಮ್ಮಾ, ತಳ ಹಂಗೇ ಇರ್ಲಿ. ಜಲ್ಲಿ ಒಂದು ಹಾಕ್ಸಿ, ಸಾಕು." ಆಯ್ತಪ್ಪ ಎಂದೆ. ಅದನ್ನು ಮನೆ ಕಟ್ಟುತ್ತಿದ್ದ ನಮ್ಮ ಮೇಸ್ತ್ರಿಗೆ ದಾಟಿಸಬೇಕಾದವಳು ನಾನು. ಗೃಹಪ್ರವೇಶಕ್ಕೆ ಬರುವ ಹೆಂಗಸರಿಗೆ ಕೊಡಲು ಬಳೆ ತರಬೇಕೆಂದು ಮಾರನೇ ದಿನ ಬಳೇಪೇಟೆಗೆ ಹೋದವಳು ಮರೆತೇಬಿಟ್ಟೆ.

ಸಂಜೆ ಬರುವಷ್ಟರಲ್ಲಿ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, "ಅಮ್ಮಾ, ಬಾವಿ ನೋಡ್ಬನ್ನಿ" ಎಂದ. ಬಗ್ಗಿದೆ. ತಳವೆಲ್ಲ ನುಣ್ಣಗೆ ಗಾರೆಯಾಗಿತ್ತು. ರಿಂಗು ತಳ ಸೇರುವ ತಿರುವಿಗೆ ಬೊಟ್ಟು ಇಟ್ಟು ತೀಡಿದ್ದ. ರಿಂಗುಗಳ ಸಂದಿಗೂ ಸಿಮೆಂಟು ತುಂಬಿದ್ದ. ತಟ್ಟೆಯಿಲ್ಲದೆ ಅಲ್ಲೇ ಅನ್ನ ಕಲಸಿ ಉಣ್ಣಬಹುದು, ಅಷ್ಟು ಲಕ್ಷಣ. ನಿಜ ಹೇಳುತ್ತೇನೆ, ನಾನು ಅವನನ್ನು ಹೊಗಳಿದೆ. ಇಪ್ಪತ್ತೈದು ವರ್ಷ ಬೆಂಗಳೂರಿನ ಮನೆಮನೆಗೆ ನೆಲದಡಿ ನೀರು ತುಂಬಿಡುವ ಸಂಪು ಕಟ್ಟಿದವನು ಅವನು. ನೀರು ನಿಲ್ಲುವ ಗುಂಡಿಯ ತಳವನ್ನು ಬರೀ ಮಣ್ಣಾಗಿ ಬಿಡುವುದು ಅವನ ಕೈಗೇ ಬರದು. ಸಂಪು ತೊಳೆಸಿ ತೊಳೆಸಿ ಬದುಕಿದವಳು ನಾನು. ನಮ್ಮಿಬ್ಬರ ಕಣ್ಣಿಗೂ ಅದರಲ್ಲಿ ಕೊರತೆ ಕಾಣಲಿಲ್ಲ.

ಎರಡು ದಿನದ ಮೇಲೆ, ಜಲ್ಲಿ ಬರುವ ಮೊದಲೇ, ಇಂಜಿನಿಯರಮ್ಮ ತಪಾಸಣೆಗೆ ಬಂದರು. ಮಧ್ಯಾಹ್ನ ಒಂದು ಗಂಟೆ, ಸೆಕೆ ಮೈ ಅಂಟುತ್ತಿತ್ತು. ಬಗ್ಗಿ ನೋಡಿ, "ಒಂದು ಡ್ರಮ್ ನೀರು ಸುರೀರಿ" ಎಂದರು. ಸುರಿದೆವು. ನೀರು ಕೆಳಗೆ ಹೊಳೆಯುತ್ತಾ ಕೂತಿತು. ಐದು ನಿಮಿಷ ಕಳೆಯಿತು, ಹತ್ತಾಯಿತು.

ಮೇಸ್ತ್ರಿ ಎದೆ ಉಬ್ಬಿಸಿ ಹೇಳಿದ: "ಒಂದ್ ತೊಟ್ಟು ಸೋರಲ್ಲ ಮೇಡಂ. ಬೇಕಾದ್ರೆ ನಾಳೆ ಬಂದ್ ನೋಡಿ, ಹಿಂಗೇ ಇರುತ್ತೆ."

ಇಂಜಿನಿಯರಮ್ಮ ಅವನ ಮುಖವನ್ನೇ ನೋಡಿದರು. "ಮೇಸ್ತ್ರಿ, ಇದು ಸೋರ್ಬೇಕು" ಎಂದರು.

"ಸೋರ್ಬೇಕಾ?"

"ಸೋರೋಕೇ ಮಾಡಿಸಿರೋದು."

ಅವನು ನನ್ನ ಕಡೆ ತಿರುಗಿದ. ನಾನು ಎಲ್ಲಿ ನೋಡಲಿ? ತಳ ಹಾಗೇ ಇರಲಿ ಎಂಬ ಮಾತು ಆಗ ಕಿವಿಯಲ್ಲಿ ಬಂದು ಕೂತಿತು. ಅವನ ಮೇಲೆ ಕೂಗಾಡಲು ಬಾಯಿ ತೆರೆದು, ಮುಚ್ಚಿದೆ. "ತಪ್ಪು ನಂದೇ ಕಣಪ್ಪ, ಹೇಳ್ಬೇಕಿತ್ತು, ಹೇಳ್ಲಿಲ್ಲ" ಎಂದೆ. ನಾನು ಹಾಗೆ ಒಪ್ಪಿಕೊಂಡದ್ದನ್ನು ನಮ್ಮ ಯಜಮಾನರು ಕೇಳಿದ್ದರೆ ನಂಬುತ್ತಿರಲಿಲ್ಲ. ಇಂಜಿನಿಯರಮ್ಮ ಏನೂ ಬರೆಯದೆ ಫೈಲು ಮುಚ್ಚಿ, "ಸರಿ ಮಾಡ್ಸಿ, ಮತ್ತೆ ಬರ್ತೀನಿ. ಆದ್ರೆ ಇವತ್ತೇ ಮಾಡ್ಸಿ ಮೇಡಂ" ಎಂದು ಆಕಾಶ ತೋರಿಸಿ ಹೋದರು. ಮಾರ್ಕೆಟ್ಟಿನ ಕಡೆಯಿಂದ ಮೋಡ ಕಪ್ಪಗೆ ಏಳುತ್ತಿತ್ತು.

ಮೇಸ್ತ್ರಿ ಆಳುಗಳಿಗೆ ಹೇಳಲಿಲ್ಲ, ಉಳಿ ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಹಗ್ಗ ಹಿಡಿದು ಇಳಿದ. ತನ್ನ ಕೈಯಾರೆ ತೀಡಿದ್ದನ್ನು ತಾನೇ ಒಡೆಯುವ ಸದ್ದು ಮೇಲೆ ಬರುತ್ತಿತ್ತು. ಒಂದೊಂದು ಏಟೂ ನನಗೇ ಬಿದ್ದ ಹಾಗೆ ಆಯಿತು. ಸುಮಾರು ಹೊತ್ತಾದ ಮೇಲೆ ಸದ್ದು ನಿಂತು, ಅವನ ದನಿ ಬಂತು: "ಅಮ್ಮಾ, ಕಾಲ್ ಹತ್ರ ಇದ್ದ ನೀರು ಹೋಯ್ತು. ಎಳ್ಕೊಂಬಿಡ್ತು ಅಮ್ಮಾ." ಆ ದನಿಯಲ್ಲಿ ಭಯವಿತ್ತೋ ಭಕ್ತಿಯಿತ್ತೋ ಹೇಳಲಾರೆ. ಒಡೆದ ಚೂರುಗಳನ್ನು ಬುಟ್ಟಿಗೆ ತುಂಬಿ, ರಿಂಗಿನ ಸಂದಿಗಳನ್ನೂ ಕೊರೆದು ಅವನು ಮೇಲೆ ಬರುವಷ್ಟರಲ್ಲಿ ದಪ್ಪ ಹನಿ ಬೀಳಲು ಶುರುವಾಗಿತ್ತು.

ನಾಲ್ಕು ಗಂಟೆಗೆ ಹಿಡಿದ ಮಳೆ. ಎದುರು ಮನೆ ಕಾಣದಷ್ಟು. ತಾರಸಿಯ ಎರಡೂ ಪೈಪುಗಳು ಗೊರಗೊರ ಎನ್ನುತ್ತಾ ಬಾವಿಗೆ ಸುರಿದವು. ನಾನೂ ಮೇಸ್ತ್ರಿಯೂ ಒಂದೇ ಛತ್ರಿಯಡಿ ಬಗ್ಗಿ ನಿಂತೆವು. ನೀರು ಏರಿತು, ಒಂದು ರಿಂಗು, ಎರಡು, ಮೂರು, ನನ್ನ ಉಸಿರೂ ಅದರ ಜೊತೆ ಏರಿತು. ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಮೇಲಿಂದ ಅಷ್ಟು ಧಾರೆ ಬೀಳುತ್ತಲೇ ಇದೆ, ಅದು ಮೇಲೆ ಬರುತ್ತಿಲ್ಲ. ಇಡೀ ತಾರಸಿಯ ಮಳೆಯನ್ನು ನಮ್ಮ ಮನೆಯಡಿಯ ಮಣ್ಣು ಸದ್ದಿಲ್ಲದೆ ಕುಡಿಯುತ್ತಿತ್ತು. ಇಷ್ಟು ದೊಡ್ಡ ಬಾಯಾರಿಕೆಯ ಮೇಲೆ ನಾನು ಇಷ್ಟು ವರ್ಷ ಓಡಾಡಿಕೊಂಡಿದ್ದೆನಲ್ಲ ಎನಿಸಿ ಕಣ್ಣು ತುಂಬಿ ಬಂತು. ಮೇಸ್ತ್ರಿ ಚಪ್ಪಲಿ ಬಿಟ್ಟು ಪಕ್ಕಕ್ಕಿಟ್ಟಿದ್ದ.

ಮಳೆ ಸ್ವಲ್ಪ ಇಳಿದದ್ದೇ ಕೆಳಗಿನ ಮನೆಗೆ ಓಡಿದೆ. ರಸ್ತೆಯಂಚಿನಲ್ಲಿ ತೆಳ್ಳಗೆ ನೀರು ಹರಿದು ಮೋರಿಗೆ ಹೋಗುತ್ತಿತ್ತು. ಹಲಗೆ ದಾಟಿ ಒಳಗೆ ಹೋದೆ. ಅವಳು ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು. ಸುತ್ತಲೂ ಉದ್ದಿನ ಹಿಟ್ಟಿನ ಮೂಟೆ, ಹಪ್ಪಳದ ಡಬ್ಬ, ಗ್ಯಾಸ್ ಒಲೆ, ದೇವರ ಪಟ, ಎಲ್ಲವೂ ಮಂಚದ ಮೇಲೆ. ಮಳೆ ಶುರುವಾದಾಗಿನಿಂದ ಇಳಿದೇ ಇರಲಿಲ್ಲವಂತೆ, ನೆಲ ನೋಡಲು ಧೈರ್ಯ ಸಾಲದೆ.

"ಇಳಿಯಮ್ಮ" ಎಂದೆ.

ಅವಳು ಮೊದಲು ಒಂದೇ ಕಾಲು ಇಳಿಬಿಟ್ಟು ಹೆಬ್ಬೆರಳಿನಿಂದ ನೆಲ ಮುಟ್ಟಿದಳು. ಆಮೇಲೆ ಪೂರ್ತಿ ಪಾದ ಊರಿದಳು. ನಡುಮನೆಯಿಂದ ಅಡುಗೆಮನೆಗೆ ನಡೆದಳು, ಮೂಲೆಮೂಲೆಗೂ ಹೋದಳು, ಬಗ್ಗಿ ಅಂಗೈಯಿಂದ ಸವರಿ ನೋಡಿದಳು. ನೆಲ ಒಣಗಿತ್ತು. ವಾಪಸು ಬಂದು ಮಂಚದ ತುದಿಯಲ್ಲಿ ಕೂತು ಫೋನು ತೆಗೆದಳು.

"ಅಣ್ಣಾ, ಆ ರೂಮು ಬೇರೆಯವರಿಗೆ ಕೊಟ್ಬಿಡು ಅಂತ ಹೇಳು" ಎಂದಳು. ಫೋನು ಇಟ್ಟು ನನ್ನ ಕಡೆ ತಿರುಗಿ, "ಅಕ್ಕ, ಈ ಮೂಟೆ ಒಂದು ಕೈ ಹಿಡೀರಿ, ಕೆಳಗೆ ಇಡೋಣ" ಎಂದಳು.