ಗೇಟಿನ ಮೇಲಿನ ಬಾಣ

"ಊರಿಗೆಲ್ಲ ದಾರಿ ತೋರಿಸ್ತಾನೆ, ತಾನು ಮಾತ್ರ ಹೊಸಿಲು ದಾಟಲ್ಲ." ಬಾಣದಣ್ಣನ ಬಗ್ಗೆ ನಮ್ಮ ಬೀದಿಯವರು ಹೇಳುತ್ತಿದ್ದ ಮಾತು ಇದು. ಎದುರುಮನೆಯ ದರ್ಜಿಯಂತೂ ಇನ್ನೂ ಒಂದು ಕೈ ಮುಂದೆ. "ದೀಪದ ಬುಡ ಕತ್ತಲು ಅಂತಾರಲ್ಲ, ಆ ಗಾದೆಗೆ ಕೈಕಾಲು ಬಂದ್ರೆ ಇವನೇ ನೋಡಿ" ಅಂತ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿಬಿಡುತ್ತಿದ್ದ.

ಮಾತು ಸುಳ್ಳಲ್ಲ. ಬಾಣದಣ್ಣ ಬೋರ್ಡು ಬರೆಯುವವನು. ಪೇಟೆಯ ಔಷಧಿ ಅಂಗಡಿಯಿಂದ ಹಿಡಿದು ಸ್ಕೂಲಿನ ಗೋಡೆಯವರೆಗೆ ಎಲ್ಲಿ ಓದಿದರೂ ಅದು ಅವನ ಅಕ್ಷರ. "ಇಲ್ಲಿ ಗಾಡಿ ನಿಲ್ಲಿಸಬಾರದು" ಅಂತ ಚೆಂದವಾಗಿ ಬರೆದು, ಬಣ್ಣ ಒಣಗುವ ತನಕ ಅದರ ಕೆಳಗೇ ತನ್ನ ಸೈಕಲ್ ನಿಲ್ಲಿಸಿಕೊಂಡು ಕೂತ ಆಸಾಮಿ. ಕಂಪ್ಯೂಟರಿನಲ್ಲಿ ಅಚ್ಚು ಹೊಡೆದ ಬೋರ್ಡುಗಳು ಬಂದವು ನೋಡಿ, ಅವನ ಕುಂಚಕ್ಕೆ ಕೆಲಸ ಕಮ್ಮಿಯಾಯಿತು. ಅದೇ ಹೊತ್ತಿಗೆ ಯಾತ್ರೆಯ ದಾರಿ ನೋಡಿಕೊಳ್ಳುವವರು ಅವನನ್ನು ಹುಡುಕಿಕೊಂಡು ಬಂದರು.

ದೂರದ ಬೆಟ್ಟದ ತುದಿಯಲ್ಲಿ ಒಂದು ಹಳೆಯ ಗುಡಿ. ಅಲ್ಲಿಗೆ ಇಪ್ಪತ್ತೊಂದು ದಿನದ ಕಾಲ್ನಡಿಗೆ. ಆ ದಾರಿ ನಮ್ಮ ಊರಿನ ಪಕ್ಕದಲ್ಲೇ ಹಾದು ಹೋಗುತ್ತದೆ. ಗುಂಪು ಕಟ್ಟಿಕೊಂಡು, ಮುಂದಾಳು ಇಟ್ಟುಕೊಂಡು ಹೋಗುವ ಯಾತ್ರೆ ಅಲ್ಲ ಅದು. ಯಾರಿಗೆ ಯಾವಾಗ ಮನಸ್ಸಾಗುತ್ತದೋ ಆಗ ಒಂದು ಚೀಲ ಬೆನ್ನಿಗೆ ಹಾಕಿಕೊಂಡು ಹೊರಡುವುದು, ಕಲ್ಲಿನ ಮೇಲೆ, ಮರದ ಮೇಲೆ, ಗೋಡೆಯ ಮೇಲೆ ಬರೆದ ಕೆಂಪು ಬಾಣ ನೋಡಿಕೊಂಡು ನಡೆಯುವುದು, ಅಷ್ಟೇ. ಆ ದಾರಿಯಲ್ಲಿ ಎರಡು ದಿನದ ನಡಿಗೆಯಷ್ಟು ತುಂಡಿಗೆ ಬಾಣ ಬರೆಯುವ ಕೆಲಸ ನಮ್ಮವನಿಗೆ ಬಂತು. ಅಲ್ಲಿಂದ ಅವನ ಹುಟ್ಟುಹೆಸರು ಮಾಯವಾಗಿ ಬಾಣದಣ್ಣ ಅನ್ನುವುದೇ ಉಳಿಯಿತು. ಅವನ ಅತ್ತೆ ಕೂಡ "ಬಾಣದವರು ಊಟಕ್ಕೆ ಬಂದ್ರಾ?" ಅಂತ ಕೇಳುತ್ತಿದ್ದರು.

ಒಂದು ಬಾಣ ಬರೆದರೆ ಮೂವತ್ತು ಹೆಜ್ಜೆ ಹಿಂದೆ ನಡೆದು, ತಿರುಗಿ ನೋಡುವುದು ಅವನ ಪದ್ಧತಿ. ದಣಿದವನ ಕಣ್ಣಿಗೆ ಕಾಣುತ್ತಾ? ತಲೆ ತಗ್ಗಿಸಿಕೊಂಡು ಬರುವವನಿಗೆ ಕಾಣುತ್ತಾ? ಕಾಣದಿದ್ದರೆ ಒರೆಸಿ ಇನ್ನೊಂದು ಕಡೆ. ಕೆಂಪು ಎಲ್ಲ ಬಣ್ಣಕ್ಕಿಂತ ಬೇಗ ಬಿಸಿಲಿಗೆ ಸೋಲುತ್ತದೆ ಅಂತ ಕೆಳಗೆ ಬಿಳಿ ಬಳಿದು, ಅದು ಒಣಗಿದ ಮೇಲೆ ಕೆಂಪು. "ನನ್ನ ಬಾಣ ನೋಡಿ ದಾರಿ ತಪ್ಪಿದವನು ಇನ್ನೂ ಹುಟ್ಟಿಲ್ಲ" ಅನ್ನುವುದು ಅವನ ಒಂದೇ ಒಂದು ಜಂಬ. ಆದರೆ ತಾನು ಬರೆದ ತುಂಡಿನ ಆಚೆ ದಾರಿ ಹೇಗಿದೆ, ಬೆಟ್ಟ ಹೇಗಿದೆ, ಅವನು ಕಂಡವನಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ ಅನ್ನುತ್ತಲೇ ತಲೆ ಬೆಳ್ಳಗಾಯಿತು.

ಆಮೇಲೆ ಒಂದು ದಿನ ಚಹಾ ಲೋಟ ತೆಗೆದುಕೊಳ್ಳಲು ಹೋಗಿ ಪಕ್ಕದಲ್ಲಿದ್ದ ನೀರಿನ ಚೊಂಬು ಉರುಳಿಸಿದ. ಮರುದಿನ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅವಳಿಗೆ ಅನುಮಾನ ಬಂತು. ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ದೀಪ ಹಿಡಿದು ನೋಡಿ, ಬಿಡಿಸಿ ಹೇಳಿದರು: ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತಿದೆ. ಈಗ ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿಗಿದ್ದದ್ದು ಮಾತ್ರ ಕಾಣುತ್ತದೆ. ಔಷಧಿಯಿಂದ ತಡ ಮಾಡಬಹುದು, ತಡೆಯಲಾಗದು. ಹೆಚ್ಚೆಂದರೆ ಒಂದು ವರ್ಷ.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ. "ನಾನು ಬೆಟ್ಟಕ್ಕೆ ನಡ್ಕೊಂಡು ಹೋಗಿ ಬರ್ತೀನಿ. ಒಬ್ನೇ. ಬಾಣ ಕಾಣೋವಾಗ್ಲೇ."

ಹೆಂಡತಿ ಒಲೆ ಮುಂದಿನಿಂದಲೇ ತಿರುಗಿದಳು. "ಇಷ್ಟು ವರ್ಷ ಊರಿಗೆ ದಾರಿ ತೋರಿಸಿದ್ರಿ, ಅಡುಗೆಮನೆಗೆ ದಾರಿ ಗೊತ್ತಿಲ್ಲ ನಿಮಗೆ. ಇನ್ನು ಬೆಟ್ಟವಂತೆ!"

"ಅಪ್ಪಾ, ನಾನೂ ರಜ ಹಾಕಿ ಬರ್ತೀನಿ" ಅಂದಳು ಮಗಳು.

"ನೀನು ಬಂದ್ರೆ ನಾನು ನಿನ್ನ ಹಿಮ್ಮಡಿ ನೋಡ್ಕೊಂಡು ನಡೀತೀನಿ ಮಗಾ. ಬಾಣ ನೋಡಲ್ಲ. ಎರಡು ಕಾಲು ಇವೆ, ಒಂದೂವರೆ ಕಣ್ಣು ಇದೆ. ಸಾಕು."

ವಾದ ಒಂದು ವಾರ ನಡೆಯಿತು. ಕೊನೆಗೆ ಹೆಂಡತಿಯೇ ಸೋತಳು. ಸೋತದ್ದಕ್ಕೆ ಗುರುತಾಗಿ ಚೀಲಕ್ಕೆ ಒಂದು ಸೀಟಿ ಹೊಲಿದು ಹಾಕಿದಳು. "ಹಳ್ಳಕ್ಕೆ ಬಿದ್ರೆ ಊದಿ. ಬೀಳದಿದ್ರೂ ದಿನಾ ಸಂಜೆ ಫೋನು ಮಾಡಿ." ಮಗಳು ಕಣ್ಣಿಗೆ ಹಾಕುವ ಹನಿಯ ಶೀಶೆಗಳನ್ನು ಕಾಲುಚೀಲದೊಳಗೆ ಸುತ್ತಿ ಇಟ್ಟಳು. ದರ್ಜಿ ಬೀದಿಯ ಕೊನೆಯ ತನಕ ಬಂದು, "ಲೇ, ದಾರಿ ತಪ್ಪಿದ್ರೆ ಯಾರನ್ನಾದ್ರೂ ಕೇಳೋ. ನಾಚ್ಕೋಬೇಡ" ಅಂದ. "ನನ್ನ ಬಾಣ ಇರೋ ತನಕ ಕೇಳೋ ಪ್ರಮೇಯವೇ ಬರಲ್ಲ ಹೋಗೋ" ಅಂತ ಇವನು ಕೋಲು ಬೀಸಿದ.

ಮೊದಲ ದಿನ ಹಬ್ಬವೇ ಹಬ್ಬ. ಸೇತುವೆಯ ಕಂಬದ ಮೇಲಿನದು ನನ್ನದು, ನೀರಿನ ಟ್ಯಾಂಕಿನ ಮೇಲಿನದು ನನ್ನದು, ಸೀಳಿದ ಬಂಡೆಯ ಮೇಲಿನದು ನನ್ನದು. ಕೊಳವೆಯಂಥ ಆ ನೋಟದೊಳಗೆ ಒಂದೊಂದು ಬಾಣವೂ ದುಂಡಗೆ ಚೌಕಟ್ಟು ಹಾಕಿದ ಪಟದ ಹಾಗೆ ಬಂದು ನಿಲ್ಲುತ್ತಿತ್ತು. ಸಂಜೆ ಫೋನಿನಲ್ಲಿ ಹೆಂಡತಿಗೆ ಅದನ್ನೇ ಹೇಳಿ ಹೇಳಿ, "ಸಾಕು ಮಲಗಿ" ಅನ್ನಿಸಿಕೊಂಡ.

ಎರಡನೇ ದಿನ ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದಿತ್ತು. ಎದುರಿಗೆ ಒಂದು ಮಾಸಿದ ಬಾಣ ಕಂಡಿತು. ಬೇರೆಯವರಾಗಿದ್ದರೆ ಕಲೆ ಅಂತ ದಾಟಿ ಹೋಗುತ್ತಿದ್ದರು. ಕೆಂಪು ಪೂರಾ ಹೋಗಿ ಕೆಳಗಿನ ಬಿಳಿಯೂ ಚಕ್ಕೆ ಎದ್ದಿತ್ತು. ಆದರೆ ಬಾಲ ಸಣ್ಣಗೆ, ಮೂತಿ ಅಗಲಕ್ಕೆ, ಅದು ಅವನದೇ ಕೈ. ತಾಯಿಗೆ ಮಗುವಿನ ಬೆನ್ನು ನೋಡಿದರೂ ಗೊತ್ತಾಗುವುದಿಲ್ಲವೇ? "ನನ್ನದೇ" ಅಂತ ಬಾಣ ತೋರಿದ ಕಡೆಗೆ ನಡೆದ. ಹತ್ತು ಹೆಜ್ಜೆ ಹೋಗಿರಬೇಕು, ಕೋಲು ಯಾವುದಕ್ಕೋ ತಗುಲಿ ಅದು ಕೆಳಗೆ ಬಿತ್ತು. ನೋಡಿದರೆ ಕುರ್ಚಿ!

"ಮೆಲ್ಲಗೆ ಮೆಲ್ಲಗೆ, ಇನ್ನೂ ಅರ್ಧ ಹೆಣೆದಿದ್ದೀನಿ ಅದನ್ನ" ಅಂತ ಒಂದು ದನಿ.

ತಲೆ ತಿರುಗಿಸಿ ತಿರುಗಿಸಿ ತುಂಡು ತುಂಡಾಗಿ ನೋಡಿದ. ಒಂದು ಅಂಗಳ. ಅಲ್ಲಿ ಇಲ್ಲಿ ಬೆತ್ತದ ಕುರ್ಚಿಗಳು. ಕೆಲವಕ್ಕೆ ಕೈಯಿಲ್ಲ, ಕೆಲವಕ್ಕೆ ಬೆನ್ನಿಲ್ಲ. ನಡುವೆ ನೀರಿನ ಬಕೆಟ್ಟಿನಲ್ಲಿ ಬೆತ್ತ ನೆನೆಹಾಕಿಕೊಂಡು ಕೂತ ಒಬ್ಬಳು ಮುದುಕಿ, ಅವನಿಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು.

"ಬಾ ತಮ್ಮಾ, ಕೂತ್ಕೋ. ಬಾಣ ನೋಡ್ಕೊಂಡು ಬಂದ್ಯಾ?"

"ಹೌದಕ್ಕಾ. ದಾರಿ ಇಲ್ಲೇ ಅಲ್ವಾ?"

ಮುದುಕಿ ಬೆತ್ತ ಕೆಳಗಿಟ್ಟು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು. "ಅಯ್ಯೋ ದೇವರೇ, ಎರಡು ವರ್ಷ ಆಗಿತ್ತು ಯಾರಾದ್ರೂ ಹೀಗೆ ಬಂದು! ದಾರಿ ಇಲ್ಲಲ್ಲ, ಗೋಡೆ ಪಕ್ಕ ಬಲಕ್ಕೆ ಹೋಗುತ್ತೆ. ಆ ಬಾಣ ಗೇಟಿನ ಮೇಲಿರೋದು. ಮುಚ್ಚಿದ್ರೆ ದಾರಿ ತೋರಿಸುತ್ತೆ, ತೆರೆದ್ರೆ ನನ್ನ ಅಂಗಳ ತೋರಿಸುತ್ತೆ. ಯಾವನೋ ಪುಣ್ಯಾತ್ಮ ಗೇಟಿನ ಮೇಲೆ ಬರೆದು ಹೋಗಿದ್ದಾನೆ."

ಗೇಟಿನ ಮೇಲೆ ಬರೆದ ಆ ದಿನ ಬಾಣದಣ್ಣನ ಕಣ್ಣಿಗೆ ಕಟ್ಟಿತು. ಆಗ ಈ ಮನೆ ಖಾಲಿ ಬಿದ್ದಿತ್ತು. ಗೋಡೆ ಪಾಚಿ ಹಿಡಿದು ಒರಟಾಗಿತ್ತು. ಗೇಟು ಮಾತ್ರ ಹೊಸದು, ಉಜ್ಜಿ ನುಣುಪು ಮಾಡಿದ ಮರ. ಬೋರ್ಡು ಬರೆಯುವವನಿಗೆ ನುಣುಪು ಮರ ಕಂಡರೆ ಬೆಕ್ಕಿಗೆ ಹಾಲು ಕಂಡ ಹಾಗೆ, ಕೈ ನಿಲ್ಲುವುದಿಲ್ಲ. "ಅಲ್ಲಾಡೋದರ ಮೇಲೆ ಬರೀಬೇಡ, ಬಾಗಿಲು ತೆರೆದ್ರೆ ಅಕ್ಷರ ಓಡಿಹೋಗುತ್ತೆ" ಅಂತ ಕೆಲಸ ಕಲಿಸಿದ ಗುರು ಮೊದಲನೇ ದಿನವೇ ಕಿವಿ ಹಿಂಡಿ ಹೇಳಿದ್ದರು. ಅದನ್ನು ಮರೆತು ಬರೆದಿದ್ದ. ಮೂವತ್ತು ಹೆಜ್ಜೆ ಹಿಂದೆ ನಡೆದು ನೋಡಿಯೂ ನೋಡಿದ್ದ. ಗೇಟು ಮುಚ್ಚಿತ್ತು, ಬಾಣ ಸರಿಯಾಗಿಯೇ ಇತ್ತು!

ಈಗ ತಾನೇ ದಾರಿ ತಪ್ಪಿದ್ದಾದರೂ ಯಾಕೆ? ಕೊಳವೆ ಕಣ್ಣಿಗೆ ಬಾಣವೊಂದೇ ಬಿತ್ತು. ಅದು ಕೂತ ಗೇಟೂ ಕಾಣಲಿಲ್ಲ, ಪಕ್ಕದ ದಾರಿಯೂ ಕಾಣಲಿಲ್ಲ. ತಾನು ಹಾಕಿದ ಬಲೆಗೆ ತಾನೇ ಬಿದ್ದ.

"ತುಂಬಾ ಜನಕ್ಕೆ ತೊಂದರೆ ಆಯ್ತೇನೋ" ಅಂದ, ತಲೆ ತಗ್ಗಿಸಿ.

"ತೊಂದರೆನಾ?" ಮುದುಕಿ ನೀರಿನ ಲೋಟ ಅವನ ಕೈಗೇ ಇಟ್ಟಳು. "ಕೇಳು. ಗಂಡ ತೀರಿಕೊಂಡ ಮೇಲೆ ಅಗ್ಗದ ಬಾಡಿಗೆಗೆ ಸಿಕ್ಕಿತು ಅಂತ ಇಲ್ಲಿಗೆ ಬಂದೆ. ಮಾತಾಡೋಣ ಅಂದ್ರೆ ಕಾಗೆಯೂ ಇಲ್ಲ. ಮೂರನೇ ದಿನ ಒಬ್ಬಳು ಹುಡುಗಿ ಬೆನ್ನಿಗೆ ಚೀಲ ಹಾಕ್ಕೊಂಡು ನೇರ ಒಳಗೆ ಬಂದು, ಬೆಟ್ಟ ಎಷ್ಟು ದೂರ ಅಂತ ಕೇಳಿದಳು. ಕಾಲೆಲ್ಲ ಗುಳ್ಳೆ. ಕೂರಿಸೋಕೆ ಒಂದು ಕುರ್ಚಿ ಇರಲಿಲ್ಲ ನನ್ನ ಹತ್ರ. ಯಾರೋ ಎಸೆದಿದ್ದ ಮುರುಕು ಕುರ್ಚಿ ತಂದು ಹೆಣೆದೆ. ಹಾಗೆ ಕಲಿತದ್ದು ಈ ಕೆಲಸ. ಇದೇ ಅನ್ನ ಹಾಕ್ತು ನನಗೆ. ಆಮೇಲೆ ಬಂದವರಿಗೆ ಲೆಕ್ಕ ಇಲ್ಲ. ಕೂತರು, ನೀರು ಕುಡಿದರು, ಅವರ ಅತ್ತೆ ಸೊಸೆ ಜಗಳ ಎಲ್ಲ ಹೇಳ್ಕೊಂಡರು. ಹಿತ್ತಲ ಬಾಗಿಲಿಂದ ಇಳಿದ್ರೆ ದಾರಿ ಮತ್ತೆ ಸಿಗುತ್ತೆ. ಯಾರೂ ಬೈದುಕೊಂಡು ಹೋಗಲಿಲ್ಲ."

"ಆ ಬಾಣ ಒರೆಸಿ, ಗೋಡೆ ಮೇಲೆ ಸರಿಯಾಗಿ ಬರೆದ್ರೆ..."

"ಒರೆಸೋಕೆ ಬಂದವನ ಕೈಗೆ ಇದೇ ಬೆತ್ತದಲ್ಲಿ ಕೊಡ್ತೀನಿ!" ಅಂದಳು ಮುದುಕಿ. ಆಮೇಲೆ ದನಿ ಸ್ವಲ್ಪ ಇಳಿಯಿತು. "ಈಗ ಬಣ್ಣ ಹೋಗಿದೆ. ಬಾಣ ಇಲ್ಲದಿದ್ರೆ ಎಲ್ಲರೂ ಸರಿಯಾಗಿ ಬಲಕ್ಕೇ ಹೋಗ್ತಾರೆ. ಗೋಡೆ ಆಚೆ ಹೆಜ್ಜೆ ಸಪ್ಪಳ ಕೇಳುತ್ತೆ, ಅಷ್ಟೇ. ಬರೆದವನು ನೀನು ಬಂದ ಕಡೆಯವನೇ ಅಂತೆ. ಸಿಕ್ಕಿದ್ರೆ ಹೇಳು ತಮ್ಮಾ. ಅಕ್ಕ ಕೇಳಿದಳು, ಇನ್ನೊಂದು ಸಲ ಬಂದು ಬರೆದು ಹೋಗು ಅಂತ."

"ಹೇಳ್ತೀನಿ ಅಕ್ಕಾ." ಲೋಟ ಕೆಳಗಿಟ್ಟು ಎದ್ದ.

ಹಿತ್ತಲ ಬಾಗಿಲಿಂದ ಇಳಿದು ಮತ್ತೆ ದಾರಿ ಹಿಡಿದ. ಜಂಬ ಆ ಅಂಗಳದಲ್ಲೇ ಬಿತ್ತು, ಚೀಲ ಹಗುರಾಯಿತು. ಮೂರನೇ ದಿನದಿಂದ ಬೇರೆಯವರು ಬರೆದ ಬಾಣಗಳು. ಮೊದಲಾಗಿದ್ದರೆ ಇದು ಸೊಟ್ಟ, ಇದು ದಪ್ಪ ಅಂತ ಕುಂದು ಎತ್ತುತ್ತಿದ್ದ. ಈಗ ಒಂದೊಂದರ ಹತ್ತಿರವೂ ನಿಂತು ಬೆರಳಿಂದ ಮುಟ್ಟಿದ. ಇವನು ಎಡಗೈಯವನು. ಇವನಿಗೆ ಮನೆಗೆ ಹೋಗುವ ಆತುರ. ಇದು ಸೊಂಟದ ಎತ್ತರಕ್ಕಿದೆ, ಬರೆದವನು ಗಿಡ್ಡ ಇರಬೇಕು, ಇಲ್ಲವೇ ಕೂತೇ ಬರೆದ ಸೋಮಾರಿ. ಮುಖ ಕಾಣದ, ಹೆಸರು ತಿಳಿಯದ ಆ ಕೈಗಳನ್ನು ನಂಬಿಕೊಂಡು ಒಂದೂವರೆ ಕಣ್ಣಿನ ಮನುಷ್ಯ ಕಾಡು ದಾಟಿದ, ಹೊಳೆ ದಾಟಿದ. ಎರಡು ಸಲ ಬಿದ್ದ. ಸೀಟಿ ಊದಲಿಲ್ಲ, ಆ ಸುದ್ದಿ ಫೋನಿನಲ್ಲೂ ಹೇಳಲಿಲ್ಲ. ಇಪ್ಪತ್ತೊಂದು ದಿನದ ದಾರಿಗೆ ಇಪ್ಪತ್ತಾರು ದಿನ ಹಿಡಿಯಿತು.

ಬೆಟ್ಟದ ತುದಿಯಲ್ಲಿ ಗುಡಿಯ ಗೋಡೆಗೆ ಕೊನೆಯ ಬಾಣ. ಅದು ಒಳಕ್ಕೆ ತೋರಿಸುತ್ತದೆ. ಒಳಗೆ ಹೋಗಿ ಕೈ ಮುಗಿದು ನಿಂತ. ಕಣ್ಣು ಕೊಡು ಅಂತ ಕೇಳಬೇಕೆಂದೇ ಹೊರಟಿದ್ದನಂತೆ. ಬಾಯಿಗೆ ಬಂದದ್ದು ಬೇರೆ. "ಇಷ್ಟು ಕಾಣಿಸಿದೆಯಲ್ಲಪ್ಪಾ, ದೊಡ್ಡದು. ಇನ್ನು ಸ್ವಲ್ಪ ದಿನ ಹೀಗೇ ಇಟ್ಟಿರು, ಒಂದು ಕೆಲಸ ಬಾಕಿ ಇದೆ."

ಬಸ್ಸಿನಲ್ಲಿ ಮನೆಗೆ ಬಂದ. ಅರ್ಧ ಸವೆದ ಬೂಟು ಬಿಚ್ಚುತ್ತ ಹೆಂಡತಿಗೆ ಎಲ್ಲ ಹೇಳಿದ. ಅವಳು ಬಿಸಿನೀರಿನಲ್ಲಿ ಅವನ ಕಾಲು ಇಳಿಬಿಟ್ಟು ಕೇಳಿದ್ದು ಒಂದೇ ಮಾತು. "ಆಯಮ್ಮನಿಗೆ ನಾನೇ ಬರೆದದ್ದು ಅಂತ ಹೇಳಿದ್ರಾ?"

"ಇಲ್ಲ ಕಣೇ. ಬೈದಿದ್ರೆ ಹೇಳ್ತಿದ್ದೆ. ಪುಣ್ಯಾತ್ಮ ಅಂದುಬಿಟ್ಟಳು. ಹೇಗೆ ಹೇಳಲಿ?"

ಡಾಕ್ಟರು ಮತ್ತೆ ದೀಪ ಹಿಡಿದು ನೋಡಿದರು. ಕೊಳವೆ ಇನ್ನೂ ಕಿರಿದಾಗಿತ್ತು. ಒಂದು ವರ್ಷ ಅಂದಿದ್ದವರು ಈಗ ತಿಂಗಳ ಲೆಕ್ಕಕ್ಕೆ ಬಂದರು. ಮಗಳು ಅತ್ತಳು. ಬಾಣದಣ್ಣ ಅಟ್ಟದಿಂದ ಹಳೆಯ ಕಬ್ಬಿಣದ ಪೆಟ್ಟಿಗೆ ಇಳಿಸಿದ. ಗಟ್ಟಿಯಾಗಿದ್ದ ಕುಂಚಗಳನ್ನು ಎರಡು ದಿನ ಟರ್ಪೆಂಟೈನಿನಲ್ಲಿ ನೆನೆಹಾಕಿ ಕೂದಲು ಕೂದಲು ಬಿಡಿಸಿದ. ಹಿತ್ತಲ ಬಾಗಿಲ ಮೇಲೆ ಒಂದು ಬಾಣ ಬರೆದು ನೋಡಿದ. ಗೆರೆ ನೆಟ್ಟಗೆ ಬಂತು. ಕೆಂಪು ಬೆರೆಸುವಾಗ ಮಾತ್ರ ಹೆಂಡತಿಯನ್ನು ಕರೆದ, "ಸರಿ ಇದೆಯಾ ನೋಡೇ, ನನಗೆ ಕಂದು ಕಂಡ ಹಾಗಾಗುತ್ತೆ" ಅಂತ. "ಇನ್ನೊಂದು ಚೂರು ಹಾಕಿ" ಅಂದಳು ಅವಳು. ಬೋರ್ಡಿನ ವಿಷಯದಲ್ಲಿ ಅವನು ಹೆಂಡತಿಯ ಮಾತು ಕೇಳಿದ್ದು ಅದೇ ಮೊದಲು.

ಹೊರಡುವ ದಿನ ಬೆಳಿಗ್ಗೆ ಅವಳೂ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ನೀನೆಲ್ಲಿಗೆ?"

"ಅಕ್ಕ ಅಂದ್ರಲ್ಲ, ನನಗೂ ಅತ್ತಿಗೆ ಆದ ಹಾಗಲ್ವಾ? ನೋಡ್ಕೊಂಡು ಬರ್ತೀನಿ. ನಿಮ್ಮ ಬಾಯಲ್ಲಿ ಬರದ ಮಾತು ನಾನು ಹೇಳ್ತೀನಿ."

ಅವನು ಕೋಲು ಗೋಡೆಗೆ ಒರಗಿಸಿ ಅವಳ ಭುಜದ ಮೇಲೆ ಕೈ ಇಟ್ಟ. "ಸರಿ ನಡಿ. ದಾರಿ ನಾನು ತೋರಿಸ್ತೀನಿ, ಗುಂಡಿ ನೀನು ತೋರಿಸು."

ಕುಂಚ ಹಿಡಿದು ಅವನು ಮನೆ ಬಿಟ್ಟದ್ದು ಅದೇ ಕೊನೆ ಸಲ. ಗೇಟಿನ ಕತೆ ಅಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು, ಎಲ್ಲರೂ ನೋಡಿದೆವು. ದರ್ಜಿ ಮಿಷನ್ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದ. "ಏನೋ, ಡಬ್ಬಿ ಹಿಡ್ಕೊಂಡು ಜೋಡಿಯಾಗಿ ಹೊರಟ್ರಿ? ತಪ್ಪು ಬಾಣ ಸರಿ ಮಾಡೋಕಾ?"

"ಸರಿ ಮಾಡೋಕಲ್ಲ ಕಣೋ" ಅಂದ ಬಾಣದಣ್ಣ, ತಿರುಗಿ ನೋಡದೆ. "ಇನ್ನೊಂದು ಸಲ ಹಾಗೇ ತಪ್ಪಾಗಿ ಬರೆಯೋಕೆ."

ಹೆಂಡತಿ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಕೀಲಿಯನ್ನು ದರ್ಜಿಯ ಕೈಗೆ ಕೊಟ್ಟಳು. ಇಬ್ಬರೂ ಹೊರಟರು. ಅವನ ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ಅದರ ತಂತಿಯ ಹಿಡಿ ಹೆಜ್ಜೆಗೊಂದು ಸಲ ಟಣ್ ಅನ್ನುತ್ತಿತ್ತು.