ಅಕ್ಕನ ತೊಟ್ಟಿಗೆ ಹೊದಿಸಿದ ಟಾರ್ಪಾಲು

ಆಫ್ರಿಕಾದಲ್ಲೆಲ್ಲೋ ಜ್ವಾಲಾಮುಖಿ ಸಿಡಿದಿದೆ, ಬೂದಿಯ ಮೋಡ ನಮ್ಮ ದೇಶದ ಕಡೆಗೇ ಬರುತ್ತಿದೆ, ಆಮ್ಲಮಳೆ ಆದರೂ ಆದೀತು ಎಂದು ಟಿ.ವಿ.ಯವರು ಬೊಬ್ಬೆ ಹೊಡೆದಾಗ ನನಗೆ ಮೊದಲು ನೆನಪಾದದ್ದು ಅಂಗಳದ ತೊಟ್ಟಿಯಲ್ಲಿದ್ದ ಏಳು ಮೀನು.

ಅವು ನನ್ನವಲ್ಲ, ಅಕ್ಕನವು. ಅವಳು ತೀರಿಕೊಂಡ ಮೇಲೆ ಕುಣಿಗಲ್‌ನ ಬಾಡಿಗೆ ಮನೆ ಬಿಟ್ಟು ಗುಬ್ಬಿಯ ಅವಳ ಮನೆಗೆ ಬಂದೆ. ಬೀಗದ ಕೈ ಜೊತೆಗೆ ಈ ಮೀನುಗಳೂ ಒಂದು ಕರಿನಾಯಿಯೂ ನನ್ನ ಪಾಲಿಗೆ ಬಂದವು. ಅಕ್ಕ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡ ಮೂರು ಬೆರಳನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದಳು. ಆಮೇಲೆ ಒಂದು ಹಿಡಿ ಕಡ್ಲೆಪುರಿ. ಮೀನುಗಳು ಬೆರಳಿಗೇ ಮುತ್ತಿಕೊಳ್ಳುತ್ತಿದ್ದವು.

"ಅಕ್ಕಾ, ನೀರ್ಗೆಲ್ಲ ಬೂದಿ ಕದಡ್ತೀಯಲ್ಲ" ಎಂದು ಇಲ್ಲಿಗೆ ಬಂದಾಗಲೆಲ್ಲ ನಾನು ರೇಗಿದರೆ, "ಅವುಕ್ಕೂ ಒಂಚೂರು ಭಕ್ತಿ ಬರ್ಲಿ ಬುಡೇ" ಎನ್ನುತ್ತಿದ್ದಳು.

ನನಗೆ ಪೂಜೆ ಪುನಸ್ಕಾರ ಅಷ್ಟಕ್ಕಷ್ಟೇ. ಅವಳು ಹೋದ ಮೇಲೆ ದೂರ ನಿಂತು ಪುರಿ ಎರಚುತ್ತಿದ್ದೆ. ನಾನು ಒಳಗೆ ಹೋಗುವ ತನಕ ಒಂದೂ ಮೇಲೆ ಬರುತ್ತಿರಲಿಲ್ಲ. ವರ್ಷವಾದರೂ ಇದೇ ಪಾಡು. ಅವು ಅಕ್ಕನಿಗಾಗಿ ಕಾಯುತ್ತಿದ್ದವು. ಸಿಟ್ಟು ಬರುತ್ತಿತ್ತು, ಆದರೆ ನನಗೂ ಬೇಕಾಗಿದ್ದದ್ದು ಅವಳೇ.

ಕೊಳ ಮುಚ್ಚಿ, ಸಾಕುಪ್ರಾಣಿಗಳನ್ನು ಒಳಗಿಟ್ಟುಕೊಳ್ಳಿ ಎಂದು ಫೋನಿಗೆ ಬಂದ ವಿಡಿಯೊದಲ್ಲಿ ಯಾರೋ ಉಪದೇಶ ಮಾಡುತ್ತಿದ್ದ. ಕೊಬ್ಬರಿ ಹರವುವ ಟಾರ್ಪಾಲು ತಂದು ತೊಟ್ಟಿಗೆ ಹೊದಿಸಿ, ಸುತ್ತ ಹಗ್ಗ ಬಿಗಿದು, ಅಂಚಿಗೆ ಇಟ್ಟಿಗೆ ಹೇರಿದೆ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಕಟ್ಟಿದ ಕೈ, ಎಲ್ಲೂ ಸಡಿಲ ಬಿಡಲಿಲ್ಲ. ನಾಯಿಯನ್ನು ಅಕ್ಕ ಹೊಸ್ತಿಲು ದಾಟಿಸಿದವಳಲ್ಲ. ನಾನು ಕರೆದರೂ ಅದು ಹೊಸ್ತಿಲ ಹೊರಗೇ ನಿಂತು ಒಳಗೆ ಇಣುಕಿತು, ಅವಳ ಅಪ್ಪಣೆ ಬೇಕೆಂಬಂತೆ. ಕೊನೆಗೆ ಎತ್ತಿಕೊಂಡೇ ತರಬೇಕಾಯಿತು.

ಮೂರನೆಯ ದಿನ ಬೆಳಿಗ್ಗೆ ಹಾಲಿನವನು ಅಂಗಳದಲ್ಲೇ ನಿಂತುಬಿಟ್ಟ.

"ಇದೇನಕ್ಕಾ, ತೊಟ್ಟಿ ಕಟ್ಟಾಕಿದೀರಾ?"

"ಬೂದಿ ಬೀಳುತ್ತಂತಲ್ಲಪ್ಪಾ."

"ಅದು ದಿಲ್ಲಿ ಕಡೀಕೆ ಹೋಯ್ತಂತೆ. ಗಾಳಿ ಆಡ್ದಿದ್ರೆ ಮೀನು ಬದುಕ್ತವಾ? ತಗೀರಿ ಮೊದ್ಲು!"

ಹಗ್ಗ ಬಿಚ್ಚುವುದಕ್ಕೆ ಆಗಲಿಲ್ಲ, ಅವನೇ ಕುಯ್ದ. ಐದು ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಎರಡು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆಕಾಶ ತಿಳಿಯಾಗಿತ್ತು. ಅಕ್ಕನನ್ನು ಬಲ್ಲ ಏಳು ಜೀವದಲ್ಲಿ ಎರಡನ್ನು ನನ್ನ ಕೈಯಾರೆ ಕೊಂದಿದ್ದೆ. ಅವಳು ಹೋದ ದಿನ ಅಳದವಳು ಅಂದು ಹಾಲಿನವನ ಮುಂದೆ ಗೊಳೋ ಎಂದು ಅತ್ತೆ. ಅವನು ಬೋರ್‌ವೆಲ್ ನೀರನ್ನು ಬಕೆಟ್ಟಿನಲ್ಲಿ ತಂದು, ಗಾಳಿ ಬೆರೆಯಲೆಂದು ಎತ್ತರದಿಂದ ಸುರಿದ. ಉಳಿದ ಐದೂ ತಳಕ್ಕಿಳಿದವು.

ಸತ್ತವನ್ನು ದಾಸವಾಳದ ಬುಡದಲ್ಲಿ ಮಣ್ಣು ಮಾಡಿ ಒಳಗೆ ಹೋದೆ. ಅಕ್ಕನ ಪೂಜೆಯ ಗೂಡಿನಲ್ಲಿ ಅರ್ಧ ಸವೆದ ವಿಭೂತಿ ಗಟ್ಟಿ ಹಾಗೇ ಇತ್ತು. ಹಣೆಗೆ ಹಚ್ಚಿಕೊಳ್ಳಲಿಲ್ಲ, ಸುಳ್ಳೇಕೆ ಹೇಳಲಿ. ಮೂರು ಬೆರಳಿಗೆ ತಿಕ್ಕಿಕೊಂಡು ಬಂದು ತೊಟ್ಟಿಯಲ್ಲಿ ಅದ್ದಿದೆ. ನೀರು ಸ್ವಲ್ಪ ಬೆಳ್ಳಗಾಯಿತು. ನಾಯಿ ಬಂದು ಪಕ್ಕದಲ್ಲಿ ಮಲಗಿತು.

ಬಹಳ ಹೊತ್ತಿನ ಮೇಲೆ ಒಂದು ಮೀನು ಮೇಲೆ ಬಂದು ಬೆರಳಿಗೆ ಬಾಯಿ ತಾಗಿಸಿತು. ಹಿಂದೆಯೇ ಇನ್ನೊಂದು. ಆಮೇಲೆ ಐದೂ.

ನಾನು ಅಕ್ಕ ಅಲ್ಲ ಕಣ್ರೋ ಎನ್ನಲು ಬಾಯಿ ತೆರೆದವಳು, ಬೆರಳನ್ನು ನೀರಿನಲ್ಲಿ ಹಾಗೇ ಬಿಟ್ಟೆ.