ನನಗೆ ಹೇಳದೆ ಇಳಿಸಿದ ಶ್ರುತಿ

ವಾರಕ್ಕೆ ಆರು ದಿನ ಆಸ್ಪತ್ರೆಯ ರಿಸೆಪ್ಶನ್ನಿನಲ್ಲಿ ಕೂತು ನಕ್ಕೂ ನಕ್ಕೂ ದವಡೆ ನೋಯುತ್ತದೆ. ಶನಿವಾರ ಮಧ್ಯಾಹ್ನ ಅಲ್ಲಿಂದ ಸೀದಾ ಗಲ್ಫಿನ ಈ ಊರಿನ ಮುರಕ್ಕಬಾತ್‌ನ ಹೋಟೆಲಿಗೆ, ಹಾಡಲಿಕ್ಕೆ. ಊಟದ ಹೊತ್ತಿನಲ್ಲಿ ನಾನೂ ನನ್ನ ಗಂಡನೂ ಅಲ್ಲಿ ಅಮೆರಿಕದ ಹಳ್ಳಿ ಕಡೆಯ ಹಾಡುಗಳನ್ನು ಹಾಡುತ್ತೇವೆ. ಅವರದು ಗಿಟಾರು, ನನ್ನದು ಮ್ಯಾಂಡೊಲಿನ್, ಇಬ್ಬರಿಗೂ ಒಂದೇ ಮೈಕು. ಜನ ಬಿರಿಯಾನಿ ತಿನ್ನುತ್ತಾ ಕೇಳುತ್ತಾರೆ, ಅಥವಾ ಕೇಳುವುದಿಲ್ಲ. ಯಾರಿಗೆ ಬೇಕು ಈ ಉಸಾಬರಿ ಎಂದು ಪ್ರತಿ ಶನಿವಾರ ಅನ್ನಿಸುತ್ತದೆ. ಬಿಡಲಿಕ್ಕೆ ಮಾತ್ರ ಮನಸ್ಸಿಲ್ಲ. ಐವತ್ತು ದಾಟಿದರೂ ನನ್ನ ಮೇಲಿನ ಸ್ವರ ಹಾಗೆಯೇ ಇದೆ ಎಂದು ಆಸ್ಪತ್ರೆಯಲ್ಲಿ ಎಲ್ಲರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆ.

ಮದುವೆಯಾದಾಗಿನಿಂದ ನಮ್ಮಲ್ಲಿ ಶ್ರುತಿ ಕೊಡುವುದು ಅವರ ಗಿಟಾರು. ಅದನ್ನು ಕೇಳಿ ನಾನು ನನ್ನ ತಂತಿಗಳನ್ನು ಕೂಡಿಸಿಕೊಳ್ಳುತ್ತೇನೆ.

ಈಚೆಗೊಂದು ಶನಿವಾರ ಅವರು ನನ್ನನ್ನು ಹೋಟೆಲಿನ ಬಾಗಿಲಲ್ಲಿ ಇಳಿಸಿ ಪಾರ್ಕಿಂಗ್ ಹುಡುಕಲು ಹೋದರು. ಆ ದೇರಾ ಪೇಟೆಯಲ್ಲಿ ಪಾರ್ಕಿಂಗ್ ಹುಡುಕಲು ಹೋದವರು ಹೋದ ಹಾಗೆಯೇ. ಮ್ಯಾನೇಜರು ಯಲ್ಲಾ ಯಲ್ಲಾ, ಬೇಗ ಬೇಗ ಎಂದು ತಲೆ ತಿನ್ನತೊಡಗಿದ. ಸಾಕಾಗಿ ಫೋನಿನ ಟ್ಯೂನರ್ ನೋಡಿ ನಾನೇ ಶ್ರುತಿ ಮಾಡಿಕೊಂಡೆ. ಅರ್ಧ ಗಂಟೆ ಕಳೆದು ಅವರು ಬೆವರು ಒರೆಸುತ್ತಾ ಬಂದು, ಸೀದಾ ಮೈಕಿನ ಮುಂದೆ ನಿಂತು ಬಾರಿಸಿಯೇಬಿಟ್ಟರು. ನಾನೂ ಕೈ ಸೇರಿಸಿದೆ. ಥೂ, ಕಿವಿಗೆ ಗರಗಸ ಹಾಕಿದಂತಾಯಿತು. ಊಟ ಮಾಡುತ್ತಿದ್ದವರೂ ತಲೆ ಎತ್ತಿದರು.

ಬಿಸಿಲಿಗೆ ಅವರ ತಂತಿ ಸಡಿಲಾಗಿರಬೇಕೆಂದು ಫೋನನ್ನು ಗಿಟಾರಿನ ಹತ್ತಿರ ಹಿಡಿದೆ. ಆರೂ ತಂತಿ ಒಂದೇ ಸಮ ಅರ್ಧ ಸ್ವರ ಕೆಳಗಿದ್ದವು. ಬಿಸಿಲು ಇಷ್ಟು ಲೆಕ್ಕ ಹಾಕಿ ಕೆಲಸ ಮಾಡುವುದಿಲ್ಲ.

"ನಿಂದು ಇಳಿಸು," ಎಂದರು ಅವರು, ಮೈಕಿನಿಂದ ಮುಖ ತಿರುಗಿಸಿ.

ಯಾವಾಗಿನಿಂದ ಹೀಗೆ ಎಂದು ಕೇಳಿದೆ.

"ಎರಡು ವರ್ಷ ಆಯ್ತು ಮಾರಾಯ್ತಿ. ಮೇಲಿನ ಸ್ವರ ನಿಂಗೆ ಸಿಗುದಿಲ್ಲ ಅಂತ ಗೊತ್ತಾದ್ರೆ ನೀನು ಹಾಡುದೇ ಬಿಡ್ತಿ. ನಾನೊಬ್ಬನೇ ಇಲ್ಲಿ ನಿಂತು ಎಂತ ಮಾಡ್ಲಿ?"

ಮೈಯೆಲ್ಲ ಉರಿಯಿತು. ಎರಡು ವರ್ಷ ನನ್ನ ಜಂಬಕ್ಕೆ ನೀರೆರೆದಿದ್ದರು ಈ ಮನುಷ್ಯ. ಮ್ಯಾಂಡೊಲಿನ್ ಅಲ್ಲೇ ಇಟ್ಟು ಮನೆಗೆ ಹೋಗಿ ಮಲಗಿಬಿಡೋಣ ಎನ್ನಿಸಿತು. ಬೆಳಗಿನಿಂದ ದುಡಿದು ಕಾಲು ಬೇರೆ ಸೋತಿತ್ತು. ಆದರೆ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನ್ನಲ್ಲೂ ಇತ್ತು. ಆರು ತಿಂಗಳಿಂದ ಅವರು ಇಳಿಸಿಕೊಟ್ಟ ಆ ಸ್ವರಕ್ಕೂ ನನ್ನ ಗಂಟಲು ಏರುತ್ತಿರಲಿಲ್ಲ. ಆ ಜಾಗ ಬಂದಾಗ ಅವರ ದನಿಯ ಮರೆಯಲ್ಲಿ ಬರೀ ತುಟಿ ಆಡಿಸುತ್ತಿದ್ದೆ.

"ಇನ್ನೂ ಅರ್ಧ ಇಳಿಸಿ," ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಒಂದೊಂದೇ ಬಿರಡೆ ತಿರುಗಿಸತೊಡಗಿದರು.